ಕಾಣದ ಶಕ್ತಿಯನ್ನು ನಂಬಿದ ದಿವಾನ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ರೈತರು ಟಿ.ಸಿ. ಎಂದು ಕರೆಯುವ ವಿದ್ಯುತ್ ಪರಿವರ್ತಕದೊಳಗೆ ಎರಡು ತಂತಿಸುರುಳಿಗಳಿರುತ್ತವೆ. ಅವು ಒಂದಕ್ಕೊಂದು ತಾಗುವುದಿಲ್ಲ. ನಡುವೆ ಎಣ್ಣೆ, ಕಾಗದಗಳ ನಿರೋಧಕ ತಡೆಯಿದೆ. ಪ್ರವಾಹ ಆ ತಡೆಯನ್ನು ದಾಟದಿದ್ದರೂ ಕಾಂತಕ್ಷೇತ್ರದ ಮೂಲಕ ಶಕ್ತಿ ದಾಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಈ ತತ್ವವನ್ನು ಆಧರಿಸಿದ ಬೃಹತ್ ಯೋಜನೆಯೊಂದಕ್ಕೆ ಮೈಸೂರು ಸಂಸ್ಥಾನದ ಬೊಕ್ಕಸ ತೆರೆದವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲ್ಘಾಟ್ ಸೀಮೆಯಲ್ಲಿ ಜನಿಸಿದ ಅವರು ಮದರಾಸಿನಲ್ಲಿ ವ್ಯಾಸಂಗ ಮುಗಿಸಿ, 1868ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. 1883ರಲ್ಲಿ ರಂಗಾಚಾರ್ಲು ಅವರ ನಿಧನಾನಂತರ ದಿವಾನ ಪದವಿ ಅವರಿಗೆ ಒಲಿಯಿತು. ಹೆಸರಘಟ್ಟದ ನೀರು ಬೆಂಗಳೂರಿಗೆ ಹರಿದದ್ದು, ಮಾರಿಕಣಿವೆ ಅಣೆಕಟ್ಟೆಯ ಕಾಮಗಾರಿ ಆರಂಭವಾದದ್ದು ಅವರ ಆಡಳಿತದಲ್ಲೇ.

ಕಾವೇರಿಯ ಶಿವನಸಮುದ್ರ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಮಾರುವ ಯೋಜನೆಯನ್ನು ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಮುಂದಿಟ್ಟರು. ದೂರ ಸುಮಾರು 147 ಕಿಲೋಮೀಟರ್. ಅಷ್ಟು ಉದ್ದದ ತಂತಿಯಲ್ಲಿ ವಿದ್ಯುತ್ತು ಬಿಸಿಯಾಗಿ ವ್ಯರ್ಥವಾಗುವ ಭಯವಿತ್ತು. ಪರಿವರ್ತಕದಿಂದ ವೋಲ್ಟೇಜ್ ಏರಿಸಿದರೆ ಪ್ರವಾಹ ತಗ್ಗಿ ನಷ್ಟವೂ ತಗ್ಗುತ್ತದೆ. ಗಣಿಯ ತುದಿಯಲ್ಲಿ ಮತ್ತೆ ಇಳಿಸಬಹುದು. ಆದರೂ ಇಷ್ಟು ದೂರದ ಸಾಗಣೆಗೆ ಆಗ ಹೆಚ್ಚಿನ ಅನುಭವವಿರಲಿಲ್ಲ. ಯೋಜನೆ ವಿಫಲವಾಗಿದ್ದರೆ ನಷ್ಟದ ಹೊರೆ ಪ್ರಜೆಗಳ ತೆರಿಗೆ ಹಣದ ಮೇಲೆಯೇ ಬೀಳುತ್ತಿತ್ತು. ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಳ್ವಿಕೆಯಲ್ಲಿ ದಿವಾನರು ಆ ಹೊಣೆ ಹೊತ್ತರು.

ಫಲ ಕಾಣುವ ಭಾಗ್ಯ ಅವರಿಗಿರಲಿಲ್ಲ. ಆರೋಗ್ಯ ಕೆಟ್ಟು, 1901ರ ಸೆಪ್ಟೆಂಬರ್ 13ರಂದು ನಿಧನರಾದರು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ಗಣಿಗಳಿಗೆ ಮೊದಲು ಹರಿದ ಆ ಬೆಳಕು ಸುತ್ತಲಿನ ಹಳ್ಳಿಗಳಿಗೆ ಬರಲು ದಶಕಗಳೇ ಬೇಕಾದವು ಎಂಬುದನ್ನೂ ಮರೆಯುವಂತಿಲ್ಲ. ಆದರೆ ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ನೀರಿನ ಕೊರತೆಯಾಗದಿರಲೆಂಬ ಕಾಳಜಿಯೇ 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಒಂದು ಮುಖ್ಯ ಕಾರಣವಾಯಿತು. ಅದರ ಹಿನ್ನೀರು ಇಂದು ಕೆ.ಆರ್.ಪೇಟೆ ಸೀಮೆಯವರೆಗೂ ಚಾಚಿದೆ. ನಾಲೆಗಳು ಮಂಡ್ಯದ ಬಯಲನ್ನು ಹಸಿರಾಗಿಸಿವೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1913ರಲ್ಲಿ ಅನಾವರಣಗೊಂಡ ಶೇಷಾದ್ರಿ ಅಯ್ಯರ್ ಪ್ರತಿಮೆಯನ್ನು ನಗರ ಬಲ್ಲದು. ಮಂಡ್ಯ ಜಿಲ್ಲೆಗೆ ಅವರ ಋಣ ನೀರಿನಲ್ಲೂ ಇದೆ, ಬೆಳಕಿನಲ್ಲೂ ಇದೆ.