ಶ್ರವಣಕ್ಕೆ ಅಳತೆಗೋಲು

ದೂರವಾಣಿ ಎಂದೊಡನೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು ನೆನಪಿಗೆ ಬರುತ್ತದೆ. ಆದರೆ ಅವರು ತಮ್ಮನ್ನು ಮೊದಲಿನಿಂದ ಕಡೆಯವರೆಗೂ ತೊಡಗಿಸಿಕೊಂಡ ಕಾರ್ಯ ಬೇರೊಂದಿತ್ತು. ಅದು ಕಿವಿ ಕೇಳದವರ ಶಿಕ್ಷಣ.

ಬೆಲ್ ಅವರು 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ಮೆಲ್ವಿಲ್ ಬೆಲ್ ಉಚ್ಚಾರಣಾಶಾಸ್ತ್ರದಲ್ಲಿ ನಿಷ್ಣಾತರು. ತಾಯಿ ಎಲೈಜಾ ಅವರಿಗೆ ಕಿವಿ ಮಂದವಾಗಿತ್ತು. ಆದರೂ ಆಕೆ ಪಿಯಾನೋ ನುಡಿಸುತ್ತಿದ್ದರು. ಬಾಲಕ ಬೆಲ್ ತಾಯಿಯ ಹಣೆಯ ಬಳಿ ತುಟಿಯಿಟ್ಟು, ತಗ್ಗಿದ ದನಿಯಲ್ಲಿ ಅವರೊಡನೆ ಮಾತನಾಡುತ್ತಿದ್ದ.

ಇಬ್ಬರು ಸೋದರರು ಕ್ಷಯರೋಗಕ್ಕೆ ಬಲಿಯಾದ ಮೇಲೆ, 1870ರಲ್ಲಿ ಈ ಕುಟುಂಬವು ಕೆನಡಾಕ್ಕೆ ವಲಸೆ ಹೋಯಿತು. ಮರುವರ್ಷ ಬೆಲ್ ಅವರು ಅಮೆರಿಕದ ಬಾಸ್ಟನ್ ನಗರದಲ್ಲಿ ಕಿವುಡ ಮಕ್ಕಳ ಉಪಾಧ್ಯಾಯರಾದರು. ಐದರ ಹರೆಯದಲ್ಲಿ ಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದ ಮೇಬಲ್ ಹಬರ್ಡ್ ಅವರ ಶಿಷ್ಯೆಯಾಗಿದ್ದರು. 1876ರಲ್ಲಿ ಬೆಲ್ ಅವರಿಗೆ ದೂರವಾಣಿಯ ಪೇಟೆಂಟ್ ದೊರೆಯಿತು. 1877ರಲ್ಲಿ ಅವರು ಮೇಬಲ್ ಅವರನ್ನು ವಿವಾಹವಾದರು.

ಆಗ ಕಿವಿಯನ್ನು ಗಡಿಯಾರದ ಸದ್ದಿನಿಂದಲೋ ಪಿಸುಮಾತಿನಿಂದಲೋ ಪರೀಕ್ಷಿಸುತ್ತಿದ್ದರು. ಒಬ್ಬರ ಪಿಸುಮಾತು ಇನ್ನೊಬ್ಬರದರಂತೆ ಇರುವುದೇ? ಬೆಲ್ ಅವರು ದೂರವಾಣಿಯ ತತ್ತ್ವದಿಂದಲೇ ಒಂದು ಶ್ರವಣಮಾಪಕವನ್ನು ರಚಿಸಿದರು. ಅದರ ಎರಡು ತಂತಿಸುರುಳಿಗಳನ್ನು ದೂರ ಸರಿಸಿದಷ್ಟೂ ಸದ್ದು ಕ್ಷೀಣಿಸುತ್ತಿತ್ತು. ಸದ್ದು ಕೇಳದಂತಾದಾಗ ಅವುಗಳ ನಡುವಣ ಅಂತರವೇ ಶ್ರವಣದ ಅಳತೆಯಾಗುತ್ತಿತ್ತು. 1880ರ ದಶಕದಲ್ಲಿ ಅವರು ವಾಷಿಂಗ್ಟನ್ನಿನ ಶಾಲಾಮಕ್ಕಳನ್ನು ಇದರಿಂದ ಪರೀಕ್ಷಿಸಿದರು. ಯಾರೂ ಗಮನಿಸದಿದ್ದ ಶ್ರವಣದೋಷ ಹಲವು ಮಕ್ಕಳಲ್ಲಿ ಕಂಡುಬಂದಿತು.

ಬೆಲ್ ಅವರ ಎಲ್ಲ ನಿಲುವುಗಳೂ ಸರಿಯಾಗಿದ್ದವೆಂದು ಹೇಳಲಾಗದು. ಕಿವುಡರೆಲ್ಲರೂ ಬಾಯಿಮಾತನ್ನೇ ಕಲಿಯಬೇಕೆಂದು ಹಟ ಹಿಡಿದು, ಅವರು ಶಾಲೆಗಳಲ್ಲಿ ಸನ್ನೆಭಾಷೆಯನ್ನು ವಿರೋಧಿಸಿದರು. ಇದರಿಂದ ಅನೇಕ ಮಕ್ಕಳು ತಮಗೆ ಸಹಜವಾದ ಭಾಷೆಯಿಂದ ವಂಚಿತರಾದರು. ಸನ್ನೆಭಾಷೆಯೂ ವ್ಯಾಕರಣವುಳ್ಳ ಪರಿಪೂರ್ಣ ಭಾಷೆಯೆಂಬುದನ್ನು ಭಾಷಾವಿಜ್ಞಾನಿಗಳು 1960ರಿಂದೀಚೆಗೆ ತೋರಿಸಿಕೊಟ್ಟಿದ್ದಾರೆ.

1922ರ ಆಗಸ್ಟ್ 2ರಂದು ಬೆಲ್ ಅವರು ಕೆನಡಾದಲ್ಲಿ ನಿಧನರಾದರು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ದೂರವಾಣಿಗಳು ಒಂದು ನಿಮಿಷ ಮೌನ ತಾಳಿದವು. ಮುಂದೆ ಆ ದಶಕದಲ್ಲಿಯೇ ದೂರವಾಣಿ ತಂತ್ರಜ್ಞರು ಶಬ್ದದ ಅಳತೆಯ ಮಾನಕ್ಕೆ ‘ಬೆಲ್’ ಎಂದು ಹೆಸರಿಟ್ಟರು. ಅದರ ಹತ್ತನೆಯ ಒಂದು ಭಾಗವೇ ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಇಪ್ಪತ್ತು ಏರಿದರೆ ನೂರು ಪಟ್ಟಾಗುತ್ತದೆ.

ಇಂದು ಒಬ್ಬನಿಗೆ ಕೇಳಿಸುವ ಅತಿ ಮೆಲುದನಿಯನ್ನು ಈ ಮಾನದಲ್ಲಿ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ, ಅದು 20 ಡೆಸಿಬೆಲ್‌ಗಿಂತ ಕೆಳಗಿದ್ದರೆ ಶ್ರವಣ ಸಹಜ. 20ರಿಂದ 35ರೊಳಗೆ ಅಲ್ಪದೋಷ, 35ರಿಂದ 50ರೊಳಗೆ ಮಧ್ಯಮದೋಷ, 50ರಿಂದ 65ರೊಳಗೆ ಅದಕ್ಕಿಂತ ಹೆಚ್ಚಿನದು, 65ರಿಂದ 80ರೊಳಗೆ ತೀವ್ರದೋಷ, 80ರಿಂದ 95ರೊಳಗೆ ಅತಿತೀವ್ರದೋಷ. 95 ಮತ್ತು ಅದಕ್ಕೂ ಮೇಲಾದರೆ ಪೂರ್ಣ ಕಿವುಡು.

ಅಲ್ಪದೋಷವುಳ್ಳ ಬಾಲಕನನ್ನು ಕಂಡವರು ಅವನನ್ನು ಕಿವುಡನೆನ್ನುವುದಿಲ್ಲ. ಮಂದಮತಿ ಎಂದೋ ಉದಾಸೀನನೆಂದೋ ಹಳಿಯುತ್ತಾರೆ. ಆ ಅನ್ಯಾಯವನ್ನು ತಪ್ಪಿಸಲು ಅಳತೆ ಬೇಕು. ಆದರೆ ಅಳತೆಯಿಂದ ತಿಳಿಯುವುದು ಕಿವಿಯ ಸ್ಥಿತಿಯಷ್ಟೇ. ಆ ಬಾಲಕನ ಬುದ್ಧಿಯನ್ನಾಗಲಿ ಯೋಗ್ಯತೆಯನ್ನಾಗಲಿ ಅಳೆಯುವ ಡೆಸಿಬೆಲ್ ಇಲ್ಲ.