ಹಸಿವನ್ನು ಕೆತ್ತಿದ ಕಲಾವಿದ: ಬಂಗಾಳದಿಂದ ಅಂಧೇರಿಗೆ ಬಂದ ಚಿತ್ತಪ್ರಸಾದ್

ಕಪ್ಪು ಶಾಯಿ, ಬಿಳಿ ಕಾಗದ, ಒಂದು ತುಂಡು ಲಿನೋಲಿಯಂ. ಚಿತ್ತಪ್ರಸಾದ್ ಅವರ ಮುದ್ರಣ ಕಲೆಗೆ ಇಷ್ಟೇ ಸಾಕಿತ್ತು. ಬಣ್ಣದ ಆಡಂಬರವಿಲ್ಲದ ಈ ಚಿತ್ರಗಳ ಹಿಂದೆ ಬಂಗಾಳದ ಹಳ್ಳಿಗಳಿವೆ, ಅಲ್ಲಿ ಕಂಡ ಹಸಿವೂ ಇದೆ.

ಹುಟ್ಟಿದ್ದು 1915ರಲ್ಲಿ, ಇಂದಿನ ಪಶ್ಚಿಮ ಬಂಗಾಳದ ನೈಹಾಟಿಯಲ್ಲಿ. ಕಾಲೇಜು ಓದಿದ್ದು ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್‌ನಲ್ಲಿ. ಕಲಾ ಶಾಲೆಯ ತರಬೇತಿ ಅವರಿಗಿರಲಿಲ್ಲ. ಹಳ್ಳಿಯ ಮೂರ್ತಿಕಾರರು, ಕುಶಲಕರ್ಮಿಗಳು, ಗೊಂಬೆಯಾಟದವರ ಕೆಲಸ ನೋಡುತ್ತಾ ಬೆಳೆದರು. ದಟ್ಟ ಹೊರರೇಖೆಯಲ್ಲೇ ಕತೆ ಹೇಳುವ ಬಂಗಾಳದ ಜನಪದ ಕಲೆಯ ಗುಣ ಅವರ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಕಮ್ಯುನಿಸ್ಟ್ ಚಳವಳಿ ಸೇರಿದ ಅವರು, ಜಾತಿ ವ್ಯವಸ್ಥೆಯನ್ನು ವಿರೋಧಿಸಿ ಭಟ್ಟಾಚಾರ್ಯ ಎಂಬ ಕುಲನಾಮವನ್ನೂ ಕೈಬಿಟ್ಟರು.

1943ರಲ್ಲಿ ಬಂಗಾಳಕ್ಕೆ ಭೀಕರ ಕ್ಷಾಮ ಬಡಿಯಿತು. ಸುಮಾರು 30 ಲಕ್ಷ ಜನ ಬಲಿಯಾದರೆಂಬ ಅಂದಾಜಿದೆ. ಆ ವರ್ಷದ ಕೊನೆಯಲ್ಲಿ ಚಿತ್ತಪ್ರಸಾದ್ ಮೇದಿನಿಪುರ ಜಿಲ್ಲೆಯ ಊರೂರು ಸುತ್ತಿ, ಕಂಡದ್ದನ್ನು ಚಿತ್ರಿಸಿ ವರದಿ ಬರೆದರು. ಅದು ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಕವಾಯಿತು. ಬ್ರಿಟಿಷ್ ಆಡಳಿತ ಪ್ರತಿಗಳನ್ನು ವಶಪಡಿಸಿಕೊಂಡು ನಾಶಪಡಿಸಿತು. ಕುಟುಂಬದವರ ಬಳಿ ಒಂದು ಪ್ರತಿ ಮಾತ್ರ ಉಳಿಯಿತು.

1946ರ ಹೊತ್ತಿಗೆ ಅವರು ಮುಂಬೈಗೆ ಬಂದು ಅಂಧೇರಿಯಲ್ಲಿ ನೆಲೆಸಿದರು. ಕೆಲವೇ ವರ್ಷಗಳಲ್ಲಿ ಪಕ್ಷದಿಂದ ದೂರವಾದರು. ಆದಾಯ ಕಡಿಮೆ, ಬದುಕು ಸರಳ. ಆಗ ಕೈಹಿಡಿದದ್ದು ಲಿನೋಕಟ್. ಲಿನೋಲಿಯಂ ಮರಕ್ಕಿಂತ ಮೃದು, ಬೆಲೆಯೂ ಕಡಿಮೆ. ಉಳಿಯಿಂದ ಕೆತ್ತಿ ತೆಗೆದ ಭಾಗ ಕಾಗದದಲ್ಲಿ ಬಿಳಿಯಾಗಿ ಉಳಿಯುತ್ತದೆ, ಕೆತ್ತದೆ ಬಿಟ್ಟ ಭಾಗ ಶಾಯಿ ಹಿಡಿಯುತ್ತದೆ. ದೊಡ್ಡ ಯಂತ್ರವಿಲ್ಲದೆ ಕೈಯಲ್ಲೇ ಒತ್ತಿ ಹಲವು ಪ್ರತಿ ತೆಗೆಯಬಹುದು. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರನ್ನು ತಲುಪುವ ದಾರಿ ಅದು. ಆದರೆ ಒಮ್ಮೆ ಕೆತ್ತಿದ್ದನ್ನು ಅಳಿಸಲಾಗದು. ಹಾಗಾಗಿ ಪ್ರತಿ ಗೆರೆಯೂ ಅಳೆದು ತೂಗಿದ್ದೇ ಆಗಿರಬೇಕು.

1950ರ ದಶಕದ ಆರಂಭದಲ್ಲಿ ರಚಿಸಿದ ‘ಏಂಜೆಲ್ಸ್ ವಿತೌಟ್ ಫೇರಿ ಟೇಲ್ಸ್’ ಸರಣಿ ಈ ಮಿತವ್ಯಯಕ್ಕೆ ಸಾಕ್ಷಿ. ಬಾಲ್ಯವಿಲ್ಲದೆ ದುಡಿಯುವ ಬಡ ಮಕ್ಕಳು ಇಲ್ಲಿನ ವಸ್ತು. ಕನಿಕರ ಗಿಟ್ಟಿಸುವ ಅತಿರೇಕವಿಲ್ಲ. ಮಗು, ಅದರ ಕೆಲಸ, ಸುತ್ತಲಿನ ಕತ್ತಲು, ಅಷ್ಟೇ. ಕ್ಷಾಮದ ಹಳ್ಳಿಗಳಲ್ಲಿ ಕಂಡ ಹಸಿವು ನಗರದಲ್ಲೂ ಮುಗಿದಿಲ್ಲ ಎಂಬುದನ್ನು ಚಿತ್ರಗಳೇ ತಿಳಿಸುತ್ತವೆ.

ಅದೇ ಮಕ್ಕಳಿಗಾಗಿ ಚಿತ್ತಪ್ರಸಾದ್ ‘ಖೇಲಾಘರ್’ ಎಂಬ ಗೊಂಬೆಯಾಟದ ತಂಡವನ್ನೂ ಕಟ್ಟಿದರು. ಹಳ್ಳಿಗಳಲ್ಲಿ ಕಂಡ ಕಲೆ ಹೀಗೆ ಅಂಧೇರಿಗೂ ಬಂತು.

1978ರಲ್ಲಿ ಕೋಲ್ಕತ್ತದಲ್ಲಿ ಅವರು ನಿಧನರಾದರು. ಮನೆಯವರು ಕಾಪಾಡಿಕೊಂಡಿದ್ದ ‘ಹಂಗ್ರಿ ಬೆಂಗಾಲ್’ ಪ್ರತಿಯಿಂದ 2011ರಲ್ಲಿ ಪುಸ್ತಕ ಮರುಮುದ್ರಣಗೊಂಡಿತು. ಸರ್ಕಾರವೊಂದು ಇಲ್ಲವಾಗಿಸಲು ಹೊರಟ ಚಿತ್ರಗಳನ್ನು ಇಂದಿನ ಓದುಗರು ನೋಡುವಂತಾಯಿತು.