ಸೆಟ್ಟಿನ ಒಳಗನ್ನು ಸೆರೆಹಿಡಿದ ಜೋಸೆಫ್ ವಿರ್ಶಿಂಗ್

ಬೆಂಗಳೂರು: ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿ, 1994ರಲ್ಲಿ ಇದೇ ನಗರದಲ್ಲಿ ನಿಧನರಾದ ದೇವಿಕಾ ರಾಣಿ ಅವರ ತಾರಾಜೀವನ ಇಂದಿಗೂ ಕಣ್ಣಿಗೆ ಕಟ್ಟುವಂತೆ ಉಳಿದಿರುವುದರಲ್ಲಿ ಜರ್ಮನ್ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಅವರ ಪಾಲು ದೊಡ್ಡದು.

1903ರಲ್ಲಿ ಮ್ಯೂನಿಕ್‌ನಲ್ಲಿ ಜನಿಸಿದ ವಿರ್ಶಿಂಗ್, 'ಪ್ರೇಮ್ ಸನ್ಯಾಸ್' ಮೂಕಿಚಿತ್ರದ ಚಿತ್ರೀಕರಣಕ್ಕಾಗಿ 1925ರಲ್ಲಿ ನಿರ್ದೇಶಕ ಫ್ರಾಂಜ್ ಆಸ್ಟೆನ್ ಅವರೊಡನೆ ಭಾರತಕ್ಕೆ ಬಂದರು. 1934ರಲ್ಲಿ ಹಿಮಾಂಶು ರಾಯ್ ಹಾಗೂ ದೇವಿಕಾ ರಾಣಿ ದಂಪತಿ ಮುಂಬಯಿಯ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಕಟ್ಟಿದಾಗ ಆ ಸಂಸ್ಥೆಯ ಛಾಯಾಗ್ರಾಹಕರಾದರು. 'ಅಛೂತ್ ಕನ್ಯಾ' (1936) ಅವರ ಕ್ಯಾಮೆರಾದಲ್ಲೇ ಮೂಡಿತು.

ಚಿತ್ರೀಕರಣದ ಬಿಡುವಿನಲ್ಲಿ ಅವರು ಲೈಕಾ ಕ್ಯಾಮೆರಾ ಹಿಡಿಯುತ್ತಿದ್ದರು. ತಾರೆಯರ ಪ್ರಚಾರ ಚಿತ್ರಗಳಿಗಷ್ಟೇ ನಿಲ್ಲದೆ, ನಿರ್ದೇಶಕರು, ತಂತ್ರಜ್ಞರು, ಕೆಲಸಗಾರರು ದುಡಿಯುತ್ತಿದ್ದ ಕ್ಷಣಗಳನ್ನೂ ದಾಖಲಿಸಿದರು. ಪರದೆಯ ಮೇಲೆ ಎಂದೂ ಕಾಣದ ಮುಖಗಳಿಗೆ ಅಲ್ಲಿ ಸ್ಥಾನ ದೊರೆಯಿತು.

1939ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಅವರನ್ನು ಶತ್ರುದೇಶದ ಪ್ರಜೆಯೆಂದು ಬಂಧನ ಶಿಬಿರದಲ್ಲಿರಿಸಿತು. ಯುದ್ಧ ಮುಗಿದ ಬಳಿಕವೂ ಅವರು ಭಾರತವನ್ನು ತೊರೆಯಲಿಲ್ಲ. ನೆರಳು ಬೆಳಕಿನ ಆಟಕ್ಕೆ ಹೆಸರಾದ 'ಮಹಲ್' (1949) ಚಿತ್ರದ ಛಾಯಾಗ್ರಹಣ ಅವರದೇ. 'ಪಾಕೀಜಾ' ಪೂರ್ಣಗೊಳ್ಳುವ ಮುನ್ನವೇ, 1967ರಲ್ಲಿ ನಿಧನರಾದರು. ಆ ಚಿತ್ರ 1972ರಲ್ಲಿ ತೆರೆಕಂಡಿತು.

ಕುಟುಂಬದವರು ಜೋಪಾನವಾಗಿ ಕಾಯ್ದುಕೊಂಡು ಬಂದ ಸಾವಿರಾರು ನೆಗೆಟಿವ್‌ಗಳಿಂದ ಆಯ್ದ ಚಿತ್ರಗಳು 2017ರಲ್ಲಿ ಗೋವಾದಲ್ಲಿ ಪ್ರದರ್ಶನಗೊಂಡವು. ಅನೇಕ ಹಳೆಯ ಚಿತ್ರಗಳ ಪ್ರತಿಗಳೇ ಕಣ್ಮರೆಯಾಗಿರುವ ನಾಡಿನಲ್ಲಿ, ಅವುಗಳನ್ನು ರೂಪಿಸಿದವರ ದುಡಿಮೆಗೆ ಈ ಸ್ಥಿರಚಿತ್ರಗಳೇ ಸಾಕ್ಷಿಯಾಗಿ ಉಳಿದಿವೆ.